ಊದುವ ಮುಂಚೆ ಎರಡು ಪಫ್

ನಮ್ಮ ದೊಡ್ಡಮ್ಮನಿಗೆ ಹತ್ತಿ ಗಿರಣಿಯವರು ಇಟ್ಟ ಹೆಸರು ಗರಗಸ. ಬಾಯಿ ಅಂಥದ್ದು. ದೊಡ್ಡಪ್ಪ ತೀರಿಕೊಂಡ ಮೇಲೆ ಆ ಬಾಯಿ ಮುಚ್ಚಿತು, ಗಿರಣಿಯ ಡಾಕ್ಟರ್ ನಿರಾಳನಾದ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು ದೊಡ್ಡಮ್ಮನಿಗೆ ಹೇಳಬಾರದು, ಆದರೂ ಅವಳು ಸುಮ್ಮನಾದಾಗ ಅವನು ಹೆದರಬೇಕಿತ್ತು.

ದೊಡ್ಡಪ್ಪ, ದೊಡ್ಡಮ್ಮ, ನಾನು ಮೂವರೂ ಹತ್ತಿ ಹಿಂಜುವ ಕೋಣೆಯಲ್ಲಿದ್ದೆವು. ಅಲ್ಲಿ ಹುಬ್ಬಿನ ಮೇಲೂ ಊಟದ ಡಬ್ಬಿಯೊಳಗೂ ಬಿಳಿ ಧೂಳು. ರಜೆ ಮುಗಿಸಿ ಬಂದ ಮೊದಲ ದಿನ ಎದೆಗೆ ಹಗ್ಗ ಬಿಗಿದಂತಾಗುತ್ತಿತ್ತು. ವರ್ಷಕ್ಕೊಮ್ಮೆ ಉಸಿರಿನ ಪರೀಕ್ಷೆ, ಯಂತ್ರದ ಕೊಳವೆಗೆ ಜೋರಾಗಿ ಊದಬೇಕು. ಅದಕ್ಕೂ ಮುಂಚೆ ಡಾಕ್ಟರ್ ಒಬ್ಬೊಬ್ಬರನ್ನೇ ಪರದೆಯ ಹಿಂದೆ ಕರೆದು, "ಗಂಟಲು ಕ್ಲೀನ್ ಆಗುತ್ತೆ" ಎಂದು ನೀಲಿ ಇನ್‌ಹೇಲರ್‌ನಿಂದ ಎರಡು ಪಫ್ ಕೊಟ್ಟು, ಸ್ವಲ್ಪ ಹೊತ್ತು ಕೂರಿಸುತ್ತಿದ್ದ. ಆಮೇಲೆ ಎಲ್ಲರೂ ಚೆನ್ನಾಗಿಯೇ ಊದುತ್ತಿದ್ದೆವು. ದೊಡ್ಡಪ್ಪನೂ ಊದಿ ಫಿಟ್ ಅನ್ನಿಸಿಕೊಂಡರು. ಕೆಲವೇ ತಿಂಗಳಲ್ಲಿ ಹಾಸಿಗೆ ಹಿಡಿದರು, ಮತ್ತೆ ಏಳಲಿಲ್ಲ.

ಆಸ್ಪತ್ರೆಯಲ್ಲಿ ಅವರಿಗೆ ಕೊಟ್ಟದ್ದೂ ಅದೇ ನೀಲಿ ಇನ್‌ಹೇಲರ್. ಬಿಗಿದ ಶ್ವಾಸನಾಳವನ್ನು ಕೆಲವು ಗಂಟೆ ಸಡಿಲ ಮಾಡುವ ಔಷಧಿ ಎಂದು ನರ್ಸ್ ಹೇಳಿದಾಗ ದೊಡ್ಡಮ್ಮನಿಗೆ ಎಲ್ಲವೂ ಅರ್ಥವಾಯಿತು.

"ರೋಗ ಮುಚ್ಚಿಟ್ಟು ಕೊಂದ ಕಣೇ," ಎಂದಳು. "ಅವನ ಗುಂಡಿ ಅವನ ಕೈಯಲ್ಲೇ ತೋಡಿಸ್ತೀನಿ ನೋಡ್ತಿರು."

ಈ ವರ್ಷ ಪರೀಕ್ಷೆ ನೋಡಲು ಸರ್ಕಾರದ ಇನ್‌ಸ್ಪೆಕ್ಟರ್ ಮೇಡಂ ಬಂದು ಯಂತ್ರದ ಪಕ್ಕದಲ್ಲೇ ಕೂತರು. ಸಾಲಿನಲ್ಲಿ ದೊಡ್ಡಮ್ಮ ಮೊದಲು, ಅವಳ ಹಿಂದೆ ನಾನು. ಪರದೆಯ ಹಿಂದೆ ಏನು ಮಾಡಿದಳೆಂದು ಆಮೇಲೆ ಅವಳೇ ಹೇಳಿದಳು: ಪಫ್ಫನ್ನು ಒಳಗೆ ಎಳೆದುಕೊಳ್ಳದೆ ಬಾಯಲ್ಲೇ ತಡೆದು, ಅವನು ಆಚೆ ತಿರುಗಿದ ಕೂಡಲೇ ಕರವಸ್ತ್ರಕ್ಕೆ ಉಗಿದಿದ್ದಳು. ಬಂದು ಊದಿದರೆ ಯಂತ್ರದ ಗೆರೆ ಅರ್ಧಕ್ಕೂ ಏರಲಿಲ್ಲ.

ಡಾಕ್ಟರ್ ಬೆವೆತುಹೋದ. ಗಾಬರಿಯಲ್ಲಿ ಜೇಬಿನಿಂದ ಇನ್‌ಹೇಲರ್ ತೆಗೆದು ಮೇಡಂ ಎದುರಿಗೇ ಮತ್ತೆರಡು ಪಫ್ ಕೊಟ್ಟ. ಈ ಸಲ ದೊಡ್ಡಮ್ಮ ಎದೆ ತುಂಬ ಎಳೆದುಕೊಂಡಳು. ಸ್ವಲ್ಪ ಹೊತ್ತು ಬಿಟ್ಟು ಊದಿದಾಗ ಗೆರೆ ಮೇಲೇರಿತು.

"ನೋಡಿ ಮೇಡಂ, ಈಗ ಸರಿ ಇದೆ," ಎಂದು ಹಲ್ಲು ಕಿರಿದ. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡ.

"ಪರದೆ ಹಿಂದೆ ಎಲ್ರಿಗೂ ಇದನ್ನೇ ಕೊಡ್ತಾರೆ ಮೇಡಂ, ಊದೋಕೆ ಮುಂಚೆ," ಎಂದಳು ದೊಡ್ಡಮ್ಮ. "ನನ್ನ ಗಂಡನಿಗೂ ಕೊಟ್ಟು ಫಿಟ್ ಅಂದಿದ್ರು. ಮುಂದಿನವಳನ್ನ ಏನೂ ಕೊಡದೆ ಊದಿಸಿ ನೋಡಿ."

ಮುಂದಿನವಳು ನಾನೇ, ಪರದೆಯ ಹಿಂದೆ ಇನ್ನೂ ಹೋಗಿರಲಿಲ್ಲ. ಡಾಕ್ಟರನ ಮುಖ ಹುಳ್ಳಗಾದದ್ದು ಕಂಡು ನನಗೆ ಹಿಗ್ಗೋ ಹಿಗ್ಗು. ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ ಊದಿದೆ. ಗೆರೆ ದೊಡ್ಡಮ್ಮನ ಮೊದಲ ಸಲದ್ದಕ್ಕಿಂತಲೂ ಕೆಳಗೇ ನಿಂತುಬಿಟ್ಟಿತು. ನನಗಿನ್ನೂ ಮೂವತ್ತು.

ದೊಡ್ಡಮ್ಮ ನನ್ನ ತೋಳು ಹಿಡಿದುಕೊಂಡಳು. "ನಿನಗೂನಾ?" ಎಂದಳು.

ಡಾಕ್ಟರನ ಕೆಲಸ ಹೋಯಿತು, ಕೇಸೂ ಬಿತ್ತು. ಗಿರಣಿ ಯಜಮಾನರು ಹೇಳಿದ್ದಕ್ಕೇ ಕೊಡುತ್ತಿದ್ದೆ ಎಂದು ಬಾಯಿಬಿಟ್ಟಿದ್ದಾನೆ. ದೊಡ್ಡಮ್ಮನ ಹೊಟ್ಟೆ ತಣ್ಣಗಾಗಿದೆ. ನನ್ನದು ಈಗ ಉರಿಯತೊಡಗಿದೆ. ಯಜಮಾನ ಇನ್ನೂ ಹಾಯಾಗಿ ಉಸಿರಾಡುತ್ತಿದ್ದಾನೆ. ಅವನು ನನ್ನ ಪಾಲಿನವನು.