ಶ್ರಾವಣದ ಗಡ್ಡ, ಗ್ಯಾಸಿನ ಗೇಟು

ಶ್ರಾವಣದಲ್ಲಿ ನಾನು ಗಡ್ಡ ಬೋಳಿಸುವುದಿಲ್ಲ. ಇದನ್ನು ಭಕ್ತಿ ಎಂದು ಕರೆಯುವ ಧೈರ್ಯ ನನಗಿಲ್ಲ, ಹಟ ಎನ್ನಿ. ಗದಗಿನ ಹತ್ತಿ ಜಿನ್ನಿಂಗ್ ಗಿರಣಿಯಲ್ಲಿ ಫಿಟರ್ ಆಗಿದ್ದ ಅಪ್ಪ ಆ ತಿಂಗಳಿಡೀ ಗಡ್ಡ ಬಿಡುತ್ತಿದ್ದ. ಸಂಜೆ ಮನೆಗೆ ಬಂದಾಗ ಅದರಲ್ಲಿ ಹತ್ತಿಯ ಎಳೆಗಳು ಸಿಕ್ಕಿಕೊಂಡಿರುತ್ತಿದ್ದವು, ಅವ್ವ ನಗುತ್ತ ಒಂದೊಂದಾಗಿ ಆರಿಸಿ ತೆಗೆಯುತ್ತಿದ್ದಳು. ಅಪ್ಪ ಹೋದ ಮೇಲೆ ಅವನದು ಅಂತ ನನಗೆ ಉಳಿದದ್ದು ಎರಡೇ, ಒಂದು ಸ್ಪ್ಯಾನರು ಮತ್ತು ಈ ಒಂದು ತಿಂಗಳ ಗಡ್ಡ. ಸ್ಪ್ಯಾನರನ್ನು ಮುಂಬೈ ವಿಮಾನ ನಿಲ್ದಾಣದಲ್ಲಿ ಕಿತ್ತುಕೊಂಡರು.

ಯುದ್ಧ ಮುಗಿದು ಕುವೈತ್ ಮತ್ತೆ ಎದ್ದು ನಿಲ್ಲುತ್ತಿದ್ದಾಗ ನಾನು ಬಂದೆ. ಹದಿನೈದು ಶ್ರಾವಣಗಳನ್ನು ಎಣ್ಣೆಯ ಕೆಲಸದಲ್ಲೇ ಕಳೆದೆ, ನನ್ನ ಗಡ್ಡದ ಸುದ್ದಿಗೆ ಯಾರೂ ಬರಲಿಲ್ಲ. ಆಗ ಗ್ಯಾಸ್ ಎಂದರೆ ನಮಗೆ ಕಸ. ಎಣ್ಣೆಯ ಜೊತೆ ಮೇಲೆ ಬರುತ್ತಿತ್ತು, ಬಹಳಷ್ಟನ್ನು ಎತ್ತರದ ಕೊಳವೆಯ ತುದಿಯಲ್ಲಿ ಸುಟ್ಟು ಹಾಕುತ್ತಿದ್ದೆವು. ಆಮೇಲೆ ಕಟ್ಟಡಗಳು ಹೆಚ್ಚಿದವು, ಏಸಿಗಳು ಹೆಚ್ಚಿದವು, ಬೇಸಿಗೆಯಲ್ಲಿ ಕರೆಂಟಿಗೆ ಎಳೆದಾಟ ಶುರುವಾಯಿತು. ಎಣ್ಣೆಯ ಮೇಲೇ ಕುಳಿತ ದೇಶ ಕರೆಂಟು ಮಾಡುವ ಗ್ಯಾಸಿಗಾಗಿ ಪರದಾಡುವ ಹಾಗಾಯಿತು. ಉತ್ತರದ ಮರುಭೂಮಿಯಲ್ಲಿ, ಎಣ್ಣೆಗಿಂತಲೂ ತುಂಬ ಆಳದಲ್ಲಿ ಗ್ಯಾಸ್ ಸಿಕ್ಕಿತ್ತು. ಅಲ್ಲೊಂದು ಪ್ಲಾಂಟ್ ಎದ್ದಿತು. ನಮ್ಮ ಗುತ್ತಿಗೆ ಕಂಪನಿ ನನ್ನನ್ನು ಅದರ ಗೇಟಿಗೆ ಗ್ಯಾಸ್ ಟೆಸ್ಟರ್ ಅಂತ ಹಾಕಿತು. ಒಳಗೆ ಹೋಗುವವರ ಮುಖವಾಡ ನೋಡುವುದು, ಎಲ್ಲ ಸರಿಯಿದ್ದರೆ ಬೋರ್ಡಿನಿಂದ ಟೋಕನ್ ತೆಗೆದು ಕೊಡುವುದು ನನ್ನ ಕೆಲಸ. ಟೋಕನ್ ಇಲ್ಲದೆ ಯಾರೂ ಒಳಗೆ ಕಾಲಿಡುವಂತಿರಲಿಲ್ಲ.

ಈ ಗ್ಯಾಸ್ ಬೇರೆಯೇ, ವಿಷ ಬೆರೆತದ್ದು. ಸೋರಿದರೆ ಮೊದಲು ಕೊಳೆತ ಮೊಟ್ಟೆಯ ವಾಸನೆ. ಇನ್ನೂ ಹೆಚ್ಚಾದರೆ ಮೂಗೇ ಸತ್ತು ವಾಸನೆ ತಿಳಿಯುವುದಿಲ್ಲ, ಸ್ವಲ್ಪ ಹೊತ್ತಿಗೆ ಮನುಷ್ಯನೂ ಉಳಿಯುವುದಿಲ್ಲ. ಅದಕ್ಕೇ ಮುಖವಾಡ. ಮುಖವಾಡದ ರಬ್ಬರಿಗೂ ಚರ್ಮಕ್ಕೂ ನಡುವೆ ಕೂದಲು ಇರಕೂಡದು ಅಂತ ನಿಯಮ.

ಹೊಸ ಕೆಲಸದ ತರಬೇತಿ ಶುರುವಾದಾಗ ಶ್ರಾವಣ ಬಂದು ಒಂದು ವಾರವಾಗಿತ್ತು. ಸೇಫ್ಟಿ ಆಫೀಸರು ಮಂಗಳೂರು ಕಡೆಯವರು, ಮನೆಯಲ್ಲಿ ಕೊಂಕಣಿ, ನನ್ನೊಡನೆ ಅವರ ಊರಿನ ಕನ್ನಡ. ನನ್ನ ಗದ್ದ ನೋಡಿ, "ಇದು ಹೋಗ್ಬೇಕಲ್ಲ ಮಾರಾಯ್ರೆ" ಎಂದರು.

"ಶ್ರಾವಣದಾಗ ನಮ್ಮಪ್ಪ ಒಂದ ದಿನಾನೂ ದಾಡಿ ಮಾಡ್ಕೊಂಡಿಲ್ರಿ. ನಾನೂ ಮಾಡ್ಕೊಳ್ಳಂಗಿಲ್ಲ. ನೌಕರಿ ಹೋದ್ರ ಹೋಗ್ಲಿ."

ಅವರು ಸಿಟ್ಟಾಗಲಿಲ್ಲ. ದೇವರ ಕಾರಣಕ್ಕೆ ಗಡ್ಡ ಬಿಟ್ಟವರಿಗೆ ಬೇಲಿಯ ಹೊರಗೆ ಸ್ಟೋರಿನಲ್ಲಿ ಕೆಲಸವಿದೆ, ಯಾರ ಒತ್ತಾಯವೂ ಇಲ್ಲ ಎಂದರು. "ಆದ್ರೆ ಒಂದು ಟೆಸ್ಟ್ ಮಾಡಿ ನೋಡುವ" ಅಂತ ನನ್ನ ಮುಖಕ್ಕೆ ಮುಖವಾಡ ಬಿಗಿದು ಸಣ್ಣ ಶೀಶೆಯೊಂದರ ಮುಚ್ಚಳ ತೆಗೆದರು. ಅದರೊಳಗೆ ಬಾಳೆಹಣ್ಣಿನ ವಾಸನೆಯ ಎಣ್ಣೆ. ಶೀಶೆಯನ್ನು ಮುಖವಾಡದ ಅಂಚಿನ ಸುತ್ತ ಮೆಲ್ಲಗೆ ಆಡಿಸಿದರು. ವಾಸನೆ ಒಳಗೆ ಬಂದರೆ ವಿಷವೂ ಬಂದಂತೆ.

ಬಂತು. ಶ್ರಾವಣ ಸೋಮವಾರದ ನೈವೇದ್ಯದ ತಟ್ಟೆಯನ್ನು ಮೂಗಿನ ಕೆಳಗೇ ಹಿಡಿದ ಹಾಗೆ ಬಂತು.

"ಬರ್ತದಾ?" ಎಂದರು.

ಅಲ್ಲೇ ಇದೆ ತಮಾಷೆ. ಆ ಪರೀಕ್ಷೆ ನಡೆಯುವುದು ಬಾಯಿಮಾತಿನ ಮೇಲೆ. ಇಲ್ಲ ಎಂದರೆ ಇಲ್ಲ, ನನ್ನ ಮೂಗಿನೊಳಗೆ ಇಣುಕಿ ನೋಡುವವರು ಯಾರು? ಇಲ್ಲ ಎನ್ನಲು ಬಾಯಿ ತೆರೆದೂ ಬಿಟ್ಟಿದ್ದೆ. ಅಷ್ಟರಲ್ಲಿ, ಈ ಗೇಟಿನಲ್ಲಿ ನಾಳೆ ನೂರು ಜನರ ಮುಖ ನೋಡಬೇಕಾದವನು ನಾನೇ ಎಂಬುದು ನೆನಪಾಯಿತು. ನನಗೆ ನನ್ನ ಮೇಲೇ ಅಸಹ್ಯವಾಯಿತು.

"ಬರ್ತೈತ್ರಿ" ಎಂದೆ.

ಸ್ಟೋರಿಗೆ ಹೋಗಬಹುದಿತ್ತು, ಹೋಗಲಿಲ್ಲ. ಆ ಗೇಟು ನನಗೆ ಬೇಕಾಗಿತ್ತು. ಹದಿನೈದು ವರ್ಷ ಇನ್ನೊಬ್ಬರ ಮಾತು ಕೇಳಿ ವಾಲ್ವ್ ತಿರುಗಿಸಿದವನಿಗೆ, ಮೊದಲ ಸಲ ಬೇಡ ಎನ್ನುವ ಅಧಿಕಾರ ಸಿಕ್ಕಿತ್ತು. ಅವತ್ತು ಸಂಜೆ ಫಹಾಹೀಲ್ ಪೇಟೆಯ ನಮ್ಮ ಬಾಡಿಗೆ ಮನೆಯ ಬಚ್ಚಲಲ್ಲಿ ನಿಂತು ಗಡ್ಡ ಬೋಳಿಸಿದೆ. ಒಂದು ಕೆನ್ನೆ ಮುಗಿಸಿ ರೇಜರು ಕೆಳಗಿಟ್ಟು ಮತ್ತೆ ಎತ್ತಿಕೊಂಡೆ, ಸುಳ್ಳು ಯಾಕೆ ಹೇಳಲಿ. ಹೊರಗೆ ಬಂದಾಗ ಹೆಂಡತಿ ಹಿಟ್ಟು ನಾದುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು.

"ದೇವ್ರು ಏನ್ ಗಡ್ಡ ನೋಡಾಕ ಕುಂತಿಲ್ರಿ. ನೀವು ಸಂಜಿಗೆ ಮನಿಗೆ ಬಂದ್ರ ಸಾಕು" ಎಂದಳು.

ಅವಳ ಮಾತು ಸರಿಯೇ. ಆದರೂ ಅಪ್ಪನ ಮುಂದೆ ತಲೆ ತಗ್ಗಿಸಿ ನಿಂತ ಹಾಗಾಗಿತ್ತು ನನಗೆ.

ಎರಡು ವಾರ ಕಳೆದಿರಬೇಕು. ಶ್ರಾವಣ ಇನ್ನೂ ಮುಗಿದಿರಲಿಲ್ಲ. ನಮ್ಮ ಕಂಪನಿಯ ದೊಡ್ಡ ಸಾಹೇಬರು ಪ್ಲಾಂಟ್ ನೋಡಲು ಬಂದರು. ದೆಹಲಿ ಕಡೆಯವರು, ಬಿಳಿ ಲ್ಯಾಂಡ್ ಕ್ರೂಸರು, ಇಸ್ತ್ರಿ ಮುರಿಯದ ಅಂಗಿ. ಜೊತೆಗೆ ಗದ್ದದ ಮೇಲೆ ದಟ್ಟವಾಗಿ ಬೆಳೆಸಿ, ಅಂಚು ಹಿಡಿದು ಕತ್ತರಿಸಿದ ಫ್ರೆಂಚ್ ಗಡ್ಡ. ಯಾವ ದೇವರಿಗೂ ಸಂಬಂಧವಿಲ್ಲದ, ಬರೀ ಶೋಕಿಯ ಗಡ್ಡ.

ಸೇಫ್ಟಿಯವರು ಒಳಗಿದ್ದರು, ಗೇಟಿನಲ್ಲಿ ನಾನೊಬ್ಬನೇ. ಸಾಹೇಬರು ಟೋಕನ್ನಿಗೆ ಕೈ ಚಾಚಿದರು. ನಾನು ಅವರ ಗದ್ದ ತೋರಿಸಿದೆ.

"ಅರೆ ಭಾಯಿ, ಪಾಂಚ್ ಮಿನಿಟ್ ಕಾ ಕಾಮ್ ಹೈ. ಯಲ್ಲಾ, ದೇ ದೋ" ಎಂದು ನಕ್ಕರು.

ಬೇಗ ಕೊಟ್ಟುಬಿಡಬೇಕಂತೆ, ಐದು ನಿಮಿಷದ ಕೆಲಸವಂತೆ. ಆ ವಿಷಕ್ಕೆ ಅಷ್ಟೂ ಬೇಡ. ಬಾಳೆಹಣ್ಣಿನ ಪರೀಕ್ಷೆಯಾಗಲಿ ಎಂದೆ. ಹುಬ್ಬು ಗಂಟಿಕ್ಕಿದರೂ ಮುಖವಾಡ ಹಾಕಿಕೊಂಡರು. ರಬ್ಬರು ಗಡ್ಡದ ಮೇಲೆ ಅತ್ತಿತ್ತ ಜಾರುತ್ತಿತ್ತು. ಶೀಶೆ ಹತ್ತಿರ ಒಯ್ದೆ. ಅವರ ರೆಪ್ಪೆಗಳು ಪಟಪಟ ಬಡಿದವು.

"ನಥಿಂಗ್" ಎಂದರು. "ಕೋಯಿ ಸ್ಮೆಲ್ ನಹೀಂ. ಖಲಾಸ್?"

ನನಗೆ ಮೈಯೆಲ್ಲ ಉರಿಯಿತು. ನನ್ನ ನಾಲಿಗೆಯ ತುದಿಗೆ ಬಂದು ನಿಂತಿದ್ದ ಅದೇ ಸುಳ್ಳು! ನಾನು ನುಂಗಿಕೊಂಡದ್ದನ್ನು ಈತ ಎಷ್ಟು ಸಲೀಸಾಗಿ ಉಗುಳಿದ. ಈತ ಈ ಗಡ್ಡದ ಸಮೇತ ಒಳಗೆ ಹೋದರೆ ನಾನು ಬಚ್ಚಲಿನಲ್ಲಿ ಕಳೆದುಕೊಂಡದ್ದಕ್ಕೆ ಅರ್ಥವೇನು? ಬಡವನ ಗಡ್ಡಕ್ಕೆ ಮಾತ್ರ ಹರಿತವಾಗುವ ನಿಯಮವಾದರೆ ಅದು ನನಗೂ ಬೇಡ.

ಟೋಕನ್ನನ್ನು ತಿರುಗಿ ಬೋರ್ಡಿಗೆ ನೇತು ಹಾಕಿದೆ. ನನ್ನ ಹರುಕು ಹಿಂದಿಯಲ್ಲಿ ಹೇಳಿದೆ: "ಸಾಬ್, ಈ ತಿಂಗಳು ನಾನು ದೇವರಿಗೆ ಅಂತ ಬಿಟ್ಟ ಗಡ್ಡವನ್ನೇ ತೆಗೆದು ಇಲ್ಲಿ ನಿಂತಿದ್ದೇನೆ. ನಿಮ್ಮದನ್ನೂ ತೆಗೆದು ಬನ್ನಿ."

"ಜಾನತೇ ಹೋ ಮೈಂ ಕೌನ್ ಹೂಂ?" ಎಂದರು. ಯಾರೆಂದು ಗೊತ್ತಿಲ್ಲದೆ ಏನು, ಈ ದೇಶದಲ್ಲಿರಲು ಬೇಕಾದ ನನ್ನ ಇಕಾಮಾ ಪರವಾನಗಿಯ ನವೀಕರಣದ ಕಾಗದಕ್ಕೆ ಸಹಿ ಹಾಕುವವರೇ ಅವರು. ಆದರೂ ಬೋರ್ಡಿನ ಮುಂದಿನಿಂದ ನಾನು ಕದಲಲಿಲ್ಲ. ಲ್ಯಾಂಡ್ ಕ್ರೂಸರು ಧೂಳೆಬ್ಬಿಸಿಕೊಂಡು ವಾಪಸು ಹೋಯಿತು.

ಮುಂದಿನ ವಾರ ಕಾಗದ ಬಂತು. ನನ್ನನ್ನು ಗೇಟಿನಿಂದ ತೆಗೆದು ಹಳೆಯ ಎಣ್ಣೆ ಕೇಂದ್ರಕ್ಕೆ ವಾಪಸು ಹಾಕಿದ್ದರು. ಮತ್ತೆ ಅದೇ ವಾಲ್ವ್, ಅದೇ ಇನ್ನೊಬ್ಬರ ಮಾತು. ಸೇಫ್ಟಿಯವರು ನನ್ನ ಪರವಾಗಿ ಪತ್ರ ಬರೆದರು, ಉಪಯೋಗವಾಗಲಿಲ್ಲ. ಕ್ಷಮೆ ಕೇಳಿದರೆ ಗೇಟು ತಿರುಗಿ ಸಿಗಬಹುದೆಂದು ಕೆಲವರು ಬುದ್ಧಿ ಹೇಳಿದರು. ಯಾತಕ್ಕೆ ಕೇಳಬೇಕು? ಕೇಳಲಿಲ್ಲ.

ಮರುವರ್ಷದ ಶ್ರಾವಣದಲ್ಲಿ ಫಹಾಹೀಲಿನ ಮೀನು ಮಾರ್ಕೆಟ್ಟಿನ ಹತ್ತಿರ ಸೇಫ್ಟಿಯವರು ಸಿಕ್ಕಿದರು. ಕೈಯಲ್ಲಿ ಮೀನಿನ ಚೀಲ. ನನ್ನನ್ನು ಗುರುತು ಹಿಡಿಯಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು, ಯಾಕೆಂದರೆ ನನ್ನ ಮುಖದ ತುಂಬ ಗಡ್ಡವಿತ್ತು, ಎಣ್ಣೆ ಕೇಂದ್ರದಲ್ಲಿ ಯಾರ ಗದ್ದವನ್ನೂ ಯಾರೂ ನೋಡುವುದಿಲ್ಲ. ಶಿಕ್ಷೆ ಕೊಟ್ಟೆವೆಂದುಕೊಂಡವರು ನನ್ನ ಶ್ರಾವಣವನ್ನು ನನಗೇ ವಾಪಸು ಕೊಟ್ಟಿದ್ದರು.

"ನಿಮ್ಮ ಸಾಹೇಬ್ರು ಮೊನ್ನೆ ಬಂದಿದ್ರು ಮಾರಾಯ್ರೆ" ಎಂದರು. "ಗೇಟಿನಲ್ಲಿ ಈಗ ಹೊಸ ಜನ, ಅವ್ರನ್ನು ತಡೆಯುವವರು ಯಾರೂ ಇಲ್ಲ. ಆದ್ರೂ ಪ್ರತಿ ಸಲ ಕ್ಲೀನ್ ಶೇವ್ ಮಾಡಿಯೇ ಬರುದು."

ನಗು ಬಂತು, ಕಣ್ಣೂ ತುಂಬಿತು, ಎರಡನ್ನೂ ನನ್ನ ಗಡ್ಡದಲ್ಲೇ ಅಡಗಿಸಿಕೊಂಡೆ.