ಒಳಗೆ ಬಿಟ್ಟ ಬಟ್ಟೆ

ಟೈಲರಕ್ಕನ ಮುಂದಿನ ಹಲ್ಲೊಂದರ ತುದಿಯಲ್ಲಿ ದಾರ ಕೂರುವಷ್ಟು ಸಣ್ಣ ಕಚ್ಚು ಬಿದ್ದಿತ್ತು. ಕತ್ತರಿ ಕೈಯಲ್ಲೇ ಇದ್ದರೂ ದಾರವನ್ನು ಹಲ್ಲಿನಿಂದಲೇ ಕಡಿಯುತ್ತಿದ್ದರು. ನಕ್ಕರೆ ಮೊದಲು ಕಾಣುತ್ತಿದ್ದುದು ಆ ಕಚ್ಚು.

ಹೊನ್ನಾಳಿಯಲ್ಲಿ ನಮ್ಮ ಮನೆಯ ಎದುರಿನ ಕೋಣೆಯೇ ಅವರ ಅಂಗಡಿ. ಗಂಡ ತೀರಿಕೊಂಡ ಮೇಲೆ ನ್ಯಾಮತಿಯಿಂದ ಮಿಷನ್ ತಂದು ಇಲ್ಲಿ ಕೂತವರು. ಟೇಪು ಕೊರಳಲ್ಲಿ ನೇತಾಡುತ್ತಿತ್ತೇ ಹೊರತು ಯಾರ ಮೈಗೂ ತಾಗಿದ್ದು ಕಡಿಮೆ. ನಮ್ಮ ಕಡೆ ಹೆಂಗಸರು ರವಿಕೆಗೆ ಮೈ ಅಳೆಸಿಕೊಳ್ಳುವುದಿಲ್ಲ, ಚೆನ್ನಾಗಿ ಕೂರುವ ಹಳೆಯ ಜಂಪರೊಂದನ್ನು ಅಳತೆಗೆ ಕೊಟ್ಟು ಬರುತ್ತೇವೆ. ಅದನ್ನು ಹಾಸಿ ಹೊಸ ಬಟ್ಟೆ ಕತ್ತರಿಸುವಾಗ ಪಕ್ಕದ ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಬಿಡುತ್ತಿದ್ದರು. ಮುಂದೆ ಬಿಗಿಯಾದರೆ ಹೊಲಿಗೆ ಬಿಚ್ಚಿ ಸಡಿಲ ಮಾಡಬಹುದಲ್ಲ!

"ಒಳಗೆ ಬಟ್ಟೆ ಬಿಟ್ಟೀನ್ರೀ, ಧೈರ್ಯವಾಗಿ ಉಣ್ರಿ" ಎನ್ನುತ್ತಲೇ ಜಂಪರು ಕೈಗಿಡುವರು. ಕಾಲೇಜು ಹುಡುಗಿಯರು ಮೊಬೈಲಿನಲ್ಲಿ ಬೆನ್ನು ಕಾಣುವ ಡಿಸೈನ್ ತೋರಿಸಿದರೆ, "ಇದಕ್ಕೆ ಬಟ್ಟೆ ಯಾಕವ್ವ ತಂದಿ? ದಾರದ ಉಂಡೆ ಸಾಕಾಗಿತ್ತು" ಎಂದು ರೇಗಿಸುವರು.

ಒಂದು ಮಧ್ಯಾಹ್ನ ನಾನು ಹೋದಾಗ ತಮ್ಮದೇ ಜಂಪರಿನ ಎಡಪಕ್ಕ ಬಿಚ್ಚುತ್ತಿದ್ದರು. ಒಂದೇ ಪಕ್ಕ.

"ಕಂಕುಳಾಗೆ ಬಿಗಿ ಆಗೈತೆ, ಮೊನ್ನೆಯಿಂದ."

"ಒಂದೇ ಕಡೆ ಹೆಂಗೆ ದಪ್ಪ ಆಗ್ತೀರಿ?" ಎಂದು ನಗುತ್ತ ಕಂಕುಳು ಮುಟ್ಟಿದೆ. ಹುಣಸೆ ಬೀಜದಂಥ ಗಂಟುಗಳು ಒಂದಕ್ಕೊಂದು ಅಂಟಿಕೊಂಡು ಕೈಗೆ ಸಿಕ್ಕವು. ನನ್ನ ನಗು ಅಲ್ಲಿಗೇ ನಿಂತಿತು.

ದಾವಣಗೆರೆಯ ಆಸ್ಪತ್ರೆಗೆ ನಾನೇ ಕರೆದೊಯ್ದೆ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು. ಕ್ಯಾನ್ಸರ್ ಹುಟ್ಟಿದ್ದು ಎದೆಯಲ್ಲಿ, ಕೈಗೆ ಸಿಗದಷ್ಟು ಆಳದಲ್ಲಿ. ಮೈಯಲ್ಲಿ ರಕ್ತದ ಹಾಗೇ ದುಗ್ಧರಸವೆಂಬ ತಿಳಿನೀರೂ ಸಣ್ಣ ನಾಳಗಳಲ್ಲಿ ಹರಿಯುತ್ತದೆ. ಗಡ್ಡೆಯಿಂದ ಕಳಚಿಕೊಂಡ ಕಣಗಳು ಆ ನೀರಿನ ಜೊತೆ ಸಾಗಿ ಕಂಕುಳಿನ ಗ್ರಂಥಿಗಳಲ್ಲಿ ಕೂತು ಬೆಳೆದಿವೆ. ಅಲ್ಲಿಂದ ಮುಂದಕ್ಕೂ ಹೋಗಿವೆ, ಮೂಳೆಯವರೆಗೆ.

"ಇಷ್ಟಾಗುವವರೆಗೆ ಏನೂ ಗೊತ್ತಾಗಲಿಲ್ವಾ ಅಮ್ಮಾ?"

"ನೋವಿದ್ರೆ ಬರ್ತಿದ್ದೆ ಸರ್. ಬರೀ ಬಿಗಿ ಇತ್ತು. ಬಿಚ್ಚಿ ಸಡ್ಲ ಮಾಡ್ಕೊಂಡೆ."

ಡಾಕ್ಟರು ಬರೆಯುತ್ತಿದ್ದ ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ಈ ಮಾತನ್ನು ಅಕ್ಕ ಎಷ್ಟು ಸಹಜವಾಗಿ ಹೇಳಿದರೆಂದರೆ, ನನಗೆ ಅದಕ್ಕೇ ಹೆಚ್ಚು ಹೆದರಿಕೆಯಾಯಿತು.

ಔಷಧಿ ಶುರುವಾಯಿತು, ಕೂದಲು ಉದುರಿತು. ಕಂಕುಳಿನ ದಾರಿ ಕಟ್ಟಿದ್ದರಿಂದ ನೀರು ಇಳಿಯದೆ ಎಡಗೈ ಊದಿಕೊಂಡಿತು. ಆದರೂ ತಲೆಗೆ ಸೆರಗು ಹೊದ್ದು ಮಿಷನ್ ತುಳಿಯುತ್ತಿದ್ದರು. ಹೊಸ ನಿಯಮವೊಂದನ್ನು ಮಾತ್ರ ಮಾಡಿಕೊಂಡಿದ್ದರು. ಯಾರಾದರೂ ಒಂದೇ ಪಕ್ಕ ಬಿಗಿ ಎಂದು ಜಂಪರು ತಂದರೆ ಮುಟ್ಟುತ್ತಿರಲಿಲ್ಲ.

"ಎರಡೂ ಕಡೆ ಅಂದ್ರೆ ಈಗ್ಲೇ ಬಿಚ್ಚಿಕೊಡ್ತೀನಿ. ಒಂದೇ ಕಡೆ ಅಂದ್ರೆ ಮೊದ್ಲು ಡಾಕ್ಟ್ರಿಗೆ ತೋರ್ಸಿ ಬರ್ರಿ."

"ಹೊಲಿಯಾಕೆ ಕೊಟ್ರೆ ವೈದ್ಯ ಮಾಡ್ತಾಳೆ" ಎಂದು ಗೊಣಗುತ್ತ ಒಬ್ಬಾಕೆ ಬೇರೆ ಅಂಗಡಿಗೆ ಹೋದಳು. ಅಕ್ಕ ಬಾಗಿಲವರೆಗೂ ಹೋಗಿ, "ಸಿಟ್ಟಾಗ್ರಿ, ಆದ್ರೆ ತೋರ್ಸ್ರಿ!" ಎಂದು ಕೂಗಿದರು. ನನ್ನನ್ನೂ ಬಿಡಲಿಲ್ಲ. ಅವರ ಕಾಟಕ್ಕೆ ನಾನು ಪರೀಕ್ಷೆ ಮಾಡಿಸಿಕೊಂಡೆ. ಏನೂ ಇರಲಿಲ್ಲ.

ಯುಗಾದಿ ಕಳೆದು ವಾರಕ್ಕೆ ಅಕ್ಕ ತೀರಿಹೋದರು. ಹಬ್ಬಕ್ಕೆ ಮಾತ್ರ ಹಾಕುತ್ತಿದ್ದ ಹಸಿರು ರೇಷ್ಮೆ ಜಂಪರನ್ನು ತೊಡಿಸಬೇಕೆಂದು ಅವರ ತಂಗಿ ಪೆಟ್ಟಿಗೆಯಿಂದ ತೆಗೆದುಕೊಟ್ಟರು. ಕಾಯಿಲೆ ಗೊತ್ತಾದ ಮೇಲೆ ಅದನ್ನು ಅಕ್ಕ ತೊಟ್ಟೇ ಇರಲಿಲ್ಲ. ಊದಿದ ಎಡಗೈ ತೂರಲಿಲ್ಲ. ತೋಳಿನಿಂದ ಪಕ್ಕದವರೆಗಿನ ಹೊಲಿಗೆ ಬಿಚ್ಚೋಣವೆಂದು ನಾನು ಜಂಪರು ಒಳಮಗ್ಗುಲು ತಿರುಗಿಸಿದೆ.

ಬಲಪಕ್ಕದಲ್ಲಿ ಎರಡು ಬೆರಳು ಬಟ್ಟೆ ಅಚ್ಚುಕಟ್ಟಾಗಿ ಮಡಚಿಕೊಂಡಿತ್ತು. ಎಡಪಕ್ಕದಲ್ಲಿ ಬಿಚ್ಚಿದ ಹಳೆಯ ಹೊಲಿಗೆಗಳ ಸೂಜಿತೂತುಗಳು, ಒಂದರ ಪಕ್ಕ ಒಂದು ಸಾಲು. ಒಂದೊಂದು ಹಬ್ಬಕ್ಕೂ ಒಂದೊಂದು ಸಾಲು. ಮೊನ್ನೆಯಿಂದ ಎಂದಿದ್ದರಲ್ಲ ಅಕ್ಕ! ಕೊನೆಯ ಹೊಲಿಗೆ ಬಟ್ಟೆಯ ಅಂಚಿನ ಮೇಲೇ ಓಡಿತ್ತು.

"ಬಿಚ್ಚವ್ವಾ, ಹೊತ್ತಾಗ್ತೈತೆ" ಎಂದರು ತಂಗಿ.

"ಬಿಚ್ಚಾಕೆ ಒಳಗೆ ಬಟ್ಟೆನೇ ಉಳಿದಿಲ್ರೀ" ಎಂದೆ.