ಕೊನೆಯ ಪುಟ ಹರಿಯದ ಹಾಗೆ

ಬೆಳಗಿನ ಐದೂವರೆ. ಗೋದಾಮಿನ ಅಂಗಳದಲ್ಲಿ ಲಾರಿಯೊಂದು ಹಿಂದಕ್ಕೆ ಸರಿದು ನಿಂತು ಹೊಟ್ಟೆಯಲ್ಲಿದ್ದುದನ್ನೆಲ್ಲ ಸುರಿಯುತ್ತದೆ. ಶಾಲೆಗಳು ಬಿಸಾಕಿದ ಪಠ್ಯ, ಮುಚ್ಚಿಹೋದ ವಾಚನಾಲಯದ ಕಾದಂಬರಿ, ತೀರಿಕೊಂಡವರ ಮನೆಯ ಕಪಾಟಿನಲ್ಲಿದ್ದದ್ದು, ಎಲ್ಲವೂ ಒಂದೇ ರಾಶಿ. ಧೂಳು ಅಡಗುವುದಕ್ಕೆ ಹತ್ತು ನಿಮಿಷ ಬೇಕು. ಅಷ್ಟರೊಳಗೆ ಆರು ಹೆಂಗಸರು ಮೂಗಿಗೆ ಬಟ್ಟೆ ಕಟ್ಟಿಕೊಂಡು ರಾಶಿಯ ಸುತ್ತ ಕೂತಾಗಿರುತ್ತದೆ. ಐವರ ಕೈ ಚಕಚಕ ಓಡುತ್ತದೆ. ಆರನೆಯವರದು ಮಾತ್ರ ನಿಧಾನ.

ಈ ಆರನೆಯವರನ್ನು ಗೋದಾಮಿನಲ್ಲಿ ಎಲ್ಲರೂ ಕರೆಯುವುದು ಮೇಡಮ್ಮ ಎಂದು. ವಯಸ್ಸು ಐವತ್ಮೂರು. ಕೆಲಸ, ಪುಸ್ತಕ ಸುಲಿಯುವುದು. ರದ್ದಿಗೆ ಬಂದ ಪುಸ್ತಕದ ರಟ್ಟು ಒಂದು ಕಡೆ, ಒಳಗಿನ ಹಾಳೆ ಇನ್ನೊಂದು ಕಡೆ ಹೋಗಬೇಕು. ಎರಡನ್ನೂ ಬೇರೆ ಬೇರೆ ಕಾರ್ಖಾನೆಯವರು ಕೊಂಡು, ನೀರಿನಲ್ಲಿ ಅರೆದು, ಮತ್ತೆ ಕಾಗದ ಮಾಡುತ್ತಾರೆ. ಹಾಳೆಯ ಜೊತೆ ರಟ್ಟು ಸೇರಿದ್ದು ಕಂಡರೆ ಹೊರೆಯನ್ನೇ ವಾಪಸು ಕಳಿಸುತ್ತಾರೆ. ಹಾಗಾಗಿ ಪುಸ್ತಕದ ಬೆನ್ನು ಹಿಡಿದು, ರಟ್ಟನ್ನು ಹಿಂದಕ್ಕೆ ಮಡಚಿ, ಒಂದೇ ಎಳೆತಕ್ಕೆ ಕಿತ್ತುಹಾಕುವುದು ಇಲ್ಲಿನ ಪದ್ಧತಿ. ಒಬ್ಬೊಬ್ಬರು ದಿನಕ್ಕೆ ಐನೂರು ಪುಸ್ತಕ ಸುಲಿಯುತ್ತಾರೆ. ಮೇಡಮ್ಮನ ಲೆಕ್ಕ ನಾನೂರು ದಾಟುವುದಿಲ್ಲ.

ಕಾರಣ ಹಿಂದಿನ ರಟ್ಟು. ಅದಕ್ಕೆ ಬಂದಾಗ ಮೇಡಮ್ಮ ಒದ್ದೆ ಬಟ್ಟೆ ಒತ್ತಿ, ಗೋಂದು ಮೆತ್ತಗಾಗುವವರೆಗೆ ಕಾದು, ಮೊಂಡು ಚಾಕು ತೂರಿಸಿ ಮೆಲ್ಲಗೆ ಬಿಡಿಸುತ್ತಾರೆ. ಶನಿವಾರ ಹೊರೆ ಕಟ್ಟಿ ಅರೆಯಲು ಕಳಿಸುವ ಪುಸ್ತಕಕ್ಕೆ ಇಷ್ಟೊಂದು ಉಪಚಾರವೇಕೆಂದು, ಪತ್ರಿಕೆಗೆ ಬರೆಯಲು ಬಂದ ನನಗೆ ಮೊದಲ ದಿನ ನಗು ಬಂತು. ಕೇಳಿಯೂ ಬಿಟ್ಟೆ.

"ಜೋರಾಗಿ ಎಳೆದ್ರೆ ಕೊನೇ ಪುಟ ರಟ್ಟಿನ ಜೊತೆ ಹೋಗ್ಬಿಡತ್ತೆ ಸಾರ್. ಸಾಯೋರಿಗೂ ಕೊನೇ ಮಾತು ಆಡೋಕೆ ಬಿಡ್ತಾರಲ್ವಾ?"

ನಗು ಅಲ್ಲಿಗೇ ನಿಂತಿತು. ಏನಾದರೂ ಹೇಳಬೇಕಲ್ಲ ಎಂದು ನಮ್ಮ ಪತ್ರಿಕೆಯ ದುಃಖ ಹೇಳಿಕೊಂಡೆ. ಜಾಗ ಸಾಲದಿದ್ದರೆ ನಮ್ಮಲ್ಲೂ ಲೇಖನದ ಬಾಲವನ್ನೇ ಕತ್ತರಿಸುತ್ತಾರೆ, ನಾನು ಕಷ್ಟಪಟ್ಟು ಬರೆದ ಕೊನೆಯ ಸಾಲುಗಳು ಎಷ್ಟೋ ಸಲ ಕಸದ ಬುಟ್ಟಿ ಸೇರಿವೆ ಎಂದೆ. ಮೇಡಮ್ಮ ನನ್ನ ಮುಖವನ್ನು ನಿಜವಾದ ಮರುಕದಿಂದ ನೋಡಿದರು.

ಗೋದಾಮಿಗೆ ಬರುವ ರಸ್ತೆಯಲ್ಲಿ ಮೂವತ್ತೇ ದಿನದಲ್ಲಿ ಇಂಗ್ಲಿಷ್ ಕಲಿಸುತ್ತೇವೆ ಎನ್ನುವ ನಾಲ್ಕು ಬೋರ್ಡುಗಳಿವೆ. ಒಂದು ಕಾಲಕ್ಕೆ ನಾನೂ ಅಂಥ ತರಗತಿಗೆ ಹೋಗಿ ವ್ಯಾಕರಣ ಉರುಹೊಡೆದವನು. ಇವತ್ತಿಗೂ ದಪ್ಪನೆಯ ಇಂಗ್ಲಿಷ್ ಕಾದಂಬರಿ ಕಂಡರೆ ಮಾರು ದೂರ ಓಡುತ್ತೇನೆ. ಏಳನೇ ತರಗತಿಗೇ ಶಾಲೆ ಬಿಟ್ಟ ಈ ಹೆಂಗಸು ಹದಿನಾರು ವರ್ಷದಲ್ಲಿ ಆರುನೂರರ ಮೇಲೆ ಇಂಗ್ಲಿಷ್ ಪುಸ್ತಕ ಓದಿದ್ದಾರೆ. ನನಗೆ ಹೊಟ್ಟೆಕಿಚ್ಚಾಗುತ್ತದೆ, ಸುಳ್ಳೇಕೆ ಹೇಳಲಿ.

ಮೇಡಮ್ಮ ಎಂಬುದು ಗೌರವಕ್ಕೆ ಬಂದ ಹೆಸರಲ್ಲ. ಊಟದ ಹೊತ್ತಿನಲ್ಲಿ ಇಂಗ್ಲಿಷ್ ಪುಸ್ತಕ ಹಿಡಿದು ಕೂತದ್ದನ್ನು ಕಂಡು ಜೊತೆಯವರು ಕಾಲೆಳೆಯಲು ಇಟ್ಟದ್ದು ಹಾಗೇ ಅಂಟಿಕೊಂಡಿತು. ಆಗ ಇವರಿಗೆ ಇಂಗ್ಲಿಷಿನ ಇಪ್ಪತ್ತಾರು ಅಕ್ಷರ ಗೊತ್ತಿತ್ತು, ಒಂದಷ್ಟು ಪದ, ಅಷ್ಟೇ. ಮೊದಲು ಕೈಗೆ ಸಿಕ್ಕಿದ್ದು ಕೊಡೆ ಕಳೆದುಕೊಂಡ ಕತ್ತೆಯ ಚಿತ್ರಪುಸ್ತಕ. ಪುಟಕ್ಕೊಂದು ಸಾಲು. ಕತ್ತೆ ಒಂದೊಂದು ಪುಟದಲ್ಲಿ ಒಂದೊಂದು ಪ್ರಾಣಿಯ ಹತ್ತಿರ ಹೋಗಿ, ನನ್ನ ಕೊಡೆ ನೋಡಿದೆಯಾ ಎಂಬ ಅದೇ ಪ್ರಶ್ನೆ ಕೇಳುತ್ತದೆ. ನಾಲ್ಕನೆಯ ಪುಟಕ್ಕೆ ಬರುವಷ್ಟರಲ್ಲಿ ಆ ಸಾಲಿನ ಅರ್ಥ ಯಾರೂ ಹೇಳಿಕೊಡದೆ ಹೊಳೆದುಬಿಟ್ಟಿತು. ಅದನ್ನು ಹೇಳುವಾಗ ಮೇಡಮ್ಮನ ಮುಖ ಅರಳುತ್ತದೆ. ನಾನು ಅವರ ಜೊತೆ ಕಳೆದ ಮೂರು ದಿನದಲ್ಲಿ ಆ ಮುಖ ಅರಳಿದ್ದು ಅದೊಂದೇ ಸಲ.

ಕೊನೆಗೆ ಬಂದರೆ ಕೊನೆಯ ಪುಟವೇ ಇಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಯಾವ ಪುಣ್ಯಾತ್ಮರು ಕಿತ್ತರೋ ಎಂದು ಬೈಯಲು ಹೊರಟರೆ, ಬೆಳಿಗ್ಗೆ ಆ ರಟ್ಟು ಎಳೆದ ಕೈ ತಮ್ಮದೇ ಎಂದು ನೆನಪಾಯಿತು.

"ಅಲ್ಲೀವರೆಗೆ ಎಷ್ಟು ಸಾವಿರ ಕತೆ ಕೊನೆ ಕಿತ್ತಿದ್ದೆನೋ ಏನೋ. ಆ ಕತ್ತೆಗೆ ಕೊಡೆ ಸಿಕ್ತೋ ಇಲ್ವೋ, ಇವತ್ತಿಗೂ ಗೊತ್ತಿಲ್ಲ."

ಅಂದಿನಿಂದ ಒದ್ದೆ ಬಟ್ಟೆ, ಮೊಂಡು ಚಾಕು. ಚಿತ್ರಪುಸ್ತಕ ಮುಗಿಸಿ ಮಕ್ಕಳ ಕತೆಗೆ ಬಂದರು, ಅಲ್ಲಿಂದ ಪತ್ತೇದಾರಿಗೆ, ಪತ್ತೇದಾರಿಯಿಂದ ಸಂಸಾರದ ದಪ್ಪ ಕಾದಂಬರಿಗೆ. ನಡುವೆ ಒಂದು ನಿಘಂಟು ಸಿಕ್ಕಿತು, ಮೊದಲ ನೂರು ಪುಟ ಗೆದ್ದಲು ತಿಂದದ್ದು. ಹಾಗಾಗಿ ಎ ಮತ್ತು ಬಿ ಅಕ್ಷರದ ಪದಗಳನ್ನೆಲ್ಲ ಮೇಡಮ್ಮ ಕತೆಯಿಂದಲೇ ಊಹಿಸಿಕೊಂಡು ಕಲಿತಿದ್ದಾರೆ. ದೇಶ ಸುತ್ತಬೇಕು, ಕೋಶ ಓದಬೇಕು ಎನ್ನುತ್ತಾರೆ. ದೇಶ ಸುತ್ತುವ ಯೋಗ ಇವರಿಗಿರಲಿಲ್ಲ, ಕೋಶವೂ ಸಿಕ್ಕಿದ್ದು ಮುಕ್ಕಾಲೇ. ಇಷ್ಟವಾಗದ ಪುಸ್ತಕವನ್ನು ಮಾತ್ರ ಮುಲಾಜಿಲ್ಲದೆ ರಾಶಿಗೆ ಎಸೆಯುತ್ತಾರೆ. "ಬೇಜಾರಾದ್ರೆ ಬಿಟ್ಟಾಕ್ತೀನಿ. ನಾನೇನು ಪರೀಕ್ಷೆ ಬರೀಬೇಕಾ?" ಎಂದು ಕೇಳುತ್ತಾರೆ. ನನಗೆ ಪಾಠ ಹೇಳಿದ ಮೇಷ್ಟರಿಗೆ ಈ ಮಾತು ಕೇಳಿಸಬೇಕಿತ್ತು.

ಒಂದು ಹಾಳೆಯನ್ನೂ ಗೇಟಿನಾಚೆ ಒಯ್ಯುವಂತಿಲ್ಲ. ಹೋಗುವಾಗ ಚೀಲ ತೆರೆದು ತೋರಿಸಬೇಕು. ಓದುವುದೇನಿದ್ದರೂ ಊಟದ ಅರ್ಧ ಗಂಟೆಯಲ್ಲಿ, ಕಂಬಕ್ಕೆ ಒರಗಿ, ಒಂದು ಕೈಯಲ್ಲಿ ತುತ್ತು, ಒಂದು ಕೈಯಲ್ಲಿ ಪುಸ್ತಕ. ಎಲ್ಲಿಯವರೆಗೆ ಬಂತೆಂದು ಕಂಬದ ಮೇಲೆ ಸೀಮೆಸುಣ್ಣದಲ್ಲಿ ಪುಟದ ಸಂಖ್ಯೆ ಬರೆದು, ಪುಸ್ತಕವನ್ನು ರಾಶಿಯ ಅಡಿಗೆ ಸೇರಿಸುತ್ತಾರೆ. ಶನಿವಾರದೊಳಗೆ ಮುಗಿಯದಿದ್ದರೆ ಅದು ಹೊರೆಯೊಳಗೆ ಹೋಯಿತೆಂದೇ ಅರ್ಥ. ಕಂಬದ ಮೇಲೆ ಹಾಗೆ ಅರ್ಧಕ್ಕೇ ನಿಂತ ಸಂಖ್ಯೆಗಳು ಬಹಳ ಇವೆ. ಇಂಗ್ಲಿಷ್ ಮಾತಾಡಲು ಬರುತ್ತದೆಯೇ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾರೆ. ಯಾರೂ ಅವರ ಹತ್ತಿರ ಆ ಭಾಷೆಯಲ್ಲಿ ಮಾತಾಡಿಲ್ಲ.

ಮನೆಯೆಂದರೆ ಎರಡನೇ ಮಹಡಿಯ ಒಂದು ಕೋಣೆ, ಒಂದು ಕಿಟಕಿ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅಕ್ಕ. ತಾಯಿ ತೀರಿಕೊಂಡ ಮೇಲೆ ಹೊಲಿಗೆ ಯಂತ್ರ ತುಳಿದು ತಂಗಿಯನ್ನು ಸಾಕಿದ, ಸ್ಲೇಟು ಹಿಡಿಸಿ ಅಕ್ಷರ ತಿದ್ದಿಸಿದ ಅಕ್ಕ. ಸಕ್ಕರೆ ಕಾಯಿಲೆಗೆ ಕಣ್ಣು ಹೋಗಿ ಒಂಬತ್ತು ವರ್ಷವಾಯಿತು. ಈಗಲೂ ತಂಗಿಯ ಸೆರಗಿನಂಚು ಕೈಗೆ ಸಿಕ್ಕರೆ ಹೊಲಿಗೆ ಬಿಟ್ಟಿದೆಯೇ ಎಂದು ಬೆರಳಿನಲ್ಲೇ ನೋಡುತ್ತಾರೆ. ಸಂಜೆ ಕೈಕಾಲು ತೊಳೆದು ಕೂತ ಕೂಡಲೇ ತಂಗಿ ಅಂದು ಓದಿದಷ್ಟನ್ನು ನಮ್ಮ ಭಾಷೆಯಲ್ಲಿ ಹೇಳಬೇಕು. ಅಕ್ಕನ ದಿನದಲ್ಲಿ ಕಾಯುವಂಥದ್ದು ಅದೊಂದೇ. "ಆಮೇಲೇನಾಯ್ತು?" ಎಂದು ಅವರು ಕೇಳುವುದು ಮೆಟ್ಟಿಲ ಮೇಲಿದ್ದ ನನಗೇ ಕೇಳಿಸಿತು.

ಅರ್ಧಕ್ಕೆ ನಿಂತ ಪುಸ್ತಕಕ್ಕೆ ಕೊನೆಯನ್ನು ಮೇಡಮ್ಮನೇ ಕಟ್ಟುತ್ತಾರೆ. ಅಕ್ಕ ಪ್ರತಿ ಸಲವೂ ಕಳ್ಳತನ ಹಿಡಿಯುತ್ತಾರೆ. ಹೇಗೆಂದು ಕೇಳಿದ್ದಕ್ಕೆ ಅಕ್ಕ ನನಗೆ ಹೇಳಿದ್ದು ಇಷ್ಟು: "ಇವಳು ಕಟ್ಟಿದ್ರಲ್ಲಿ ಯಾರೂ ಸಾಯಲ್ಲ. ಹೋದೋರೆಲ್ಲ ವಾಪಸ್ ಬರ್ತಾರೆ. ಪುಸ್ತಕ ಬರೆಯೋರಿಗೆ ಇಷ್ಟು ಕರುಣೆ ಎಲ್ಲಿರತ್ತೆ?"

ಮೂರು ವಾರದ ಹಿಂದೆ ಗೋದಾಮಿಗೆ ಹೊಸ ಯಂತ್ರ ಬಂತು, ಹೊರೆ ಕಟ್ಟುವುದಕ್ಕೆಂದೇ ಎಲ್ಲರೂ ತಿಳಿದಿದ್ದರು. ನಾಲ್ಕು ಮರದ ಪೆಟ್ಟಿಗೆ, ಜೊತೆಗೆ ನಲವತ್ತೆರಡು ಪುಟದ ಇಂಗ್ಲಿಷ್ ಕೈಪಿಡಿ. ಯಂತ್ರ ಜೋಡಿಸುವ ಮೆಕ್ಯಾನಿಕ್ ಬರುವುದು ಹತ್ತು ದಿನ ತಡ. ಅಷ್ಟರಲ್ಲಿ ಎಲ್ಲಿಡಬೇಕು, ನೆಲ ಹೇಗಿರಬೇಕು ಎಂದು ತಿಳಿಯಬೇಕಿತ್ತು. ಗೋದಾಮಿನ ಕೆಲಸ ನೋಡಿಕೊಳ್ಳುವ ಮೇಸ್ತ್ರಿಗೆ ಇಂಗ್ಲಿಷ್ ಬಾರದು. ಮೇಡಮ್ಮನನ್ನು ಕರೆದು ಪೆಟ್ಟಿಗೆಯ ಮೇಲೆ ಕೂರಿಸಿದ. ಹದಿನಾರು ವರ್ಷದಲ್ಲಿ ಅವರ ಇಂಗ್ಲಿಷನ್ನು ಯಾರಾದರೂ ಕೇಳಿಕೊಂಡು ಬಂದದ್ದು ಅದೇ ಮೊದಲು. ಸುಲಿಯುವ ಐವರೂ ಕೈ ನಿಲ್ಲಿಸಿ ಸುತ್ತ ನಿಂತರು, ಹೆಮ್ಮೆಯಿಂದಲೇ. ಮೇಡಮ್ಮ ಪುಟಪುಟವನ್ನೂ ಓದಿ ಅರ್ಥ ಹೇಳುತ್ತ ಬಂದರು.

ಹತ್ತೊಂಬತ್ತನೆಯ ಪುಟದಲ್ಲಿ ಒಂದು ಸಾಲು. ಪುಸ್ತಕಗಳನ್ನು ಇಡಿಯಾಗಿಯೇ ಯಂತ್ರಕ್ಕೆ ಹಾಕಬಹುದು, ರಟ್ಟು ಮತ್ತು ಹಾಳೆಯನ್ನು ಯಂತ್ರವೇ ಬೇರ್ಪಡಿಸುತ್ತದೆ, ಮೊದಲೇ ಸುಲಿಯುವ ಅಗತ್ಯವಿಲ್ಲ. ಮೇಡಮ್ಮ ಅದನ್ನು ಮನಸ್ಸಿನಲ್ಲೇ ಎರಡು ಸಲ ಓದಿಕೊಂಡರು. ಏನಂತೆ ಎಂದು ಮೇಸ್ತ್ರಿ ಕೇಳಿದ. ಹಾರಿಸಿ ಮುಂದಕ್ಕೆ ಹೋಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ಓದಿದರು. "ಇನ್ನೊಂದ್ಸಲ ಓದಮ್ಮ" ಎಂದ ಮೇಸ್ತ್ರಿ. ಇನ್ನೊಂದು ಸಲವೂ ಅದೇ ಇತ್ತು.

ಯಂತ್ರ ಮುಂದಿನ ತಿಂಗಳ ಮೊದಲ ದಿನ ಶುರುವಾಗುತ್ತದೆ. ಆರರಲ್ಲಿ ಇಬ್ಬರಿಗೆ ಹಳೆ ಬಟ್ಟೆ ವಿಂಗಡಿಸುವ ಕಡೆ ಕೆಲಸವಂತೆ. ನಿಧಾನದ ಕೈಯವರಿಗೆ ಅಲ್ಲಿ ಜಾಗವಿಲ್ಲ. ಹನ್ನೊಂದು ವರ್ಷ ಪಕ್ಕದಲ್ಲಿ ಕೂತು ಸುಲಿದ ಗೆಳತಿ ಈಗ ಮೇಡಮ್ಮನ ಜೊತೆ ಮಾತು ಬಿಟ್ಟಿದ್ದಾಳೆ. ನೀನ್ಯಾಕೆ ಓದಿದೆ ಎಂಬುದೊಂದೇ ಅವಳ ಪ್ರಶ್ನೆ. ಮೇಡಮ್ಮ ಓದದಿದ್ದರೂ ಹತ್ತು ದಿನ ಬಿಟ್ಟು ಮೆಕ್ಯಾನಿಕ್ ಹೇಳಿಯೇ ಹೇಳುತ್ತಿದ್ದ. ಆದರೆ ಆರು ಮನೆಗಳಲ್ಲಿ ಇನ್ನೂ ಹತ್ತು ದಿನ ನೆಮ್ಮದಿಯಿಂದ ನಿದ್ದೆ ಬರುತ್ತಿತ್ತಲ್ಲ ಎನ್ನುತ್ತಾಳೆ ಗೆಳತಿ ನನ್ನ ಹತ್ತಿರ. ಮೇಡಮ್ಮನನ್ನು ನಾನೂ ಅದನ್ನೇ ಕೇಳಿದೆ, ಸ್ವಲ್ಪ ಸಿಟ್ಟಿನಿಂದಲೇ. ಒಂದು ಸಾಲು ಹಾರಿಸಿದರೆ ಏನಾಗುತ್ತಿತ್ತು?

"ಹಾರಿಸೋಣ ಅಂತ್ಲೇ ಇದ್ದೆ. ಆದ್ರೆ ಮಧ್ಯದಲ್ಲಿ ಹರಿದಿರೋ ಪುಸ್ತಕ ಓದೋ ಕಷ್ಟ ನಂಗೆ ಗೊತ್ತಲ್ವಾ ಸಾರ್. ಅವ್ನು ನನ್ನ ಬಾಯೇ ನೋಡ್ತಾ ಕೂತಿದ್ದ."

ಕೈಪಿಡಿ ಓದಿದ ದಿನ ಸಂಜೆ ಮೇಡಮ್ಮ ಅಕ್ಕನಿಗೆ ವಿಷಯ ಹೇಳಲೆಂದೇ ಕೂತರು. ಅಕ್ಕ ಎಂದಿನಂತೆ ಕತೆ ಕೇಳಿದರು. ಮೇಡಮ್ಮ ನಡೆದದ್ದನ್ನೇ ಕತೆ ಮಾಡಿದರು. ಗೋದಾಮನ್ನು ಅಂಗಿ ಗುಂಡಿಯ ಕಾರ್ಖಾನೆ ಮಾಡಿದರು, ಮೇಸ್ತ್ರಿಗೆ ದಪ್ಪ ಮೀಸೆ ಅಂಟಿಸಿದರು, ಕೈಪಿಡಿಯನ್ನು ದೂರದ ಊರಿನಿಂದ ಬಂದ ಕಾಗದ ಮಾಡಿದರು. ಗುಂಡಿಗೆ ತೂತು ಕೊರೆಯುವ ಹೆಂಗಸು ಆ ಕಾಗದ ಓದುತ್ತಾಳೆ, ಒಂದು ಸಾಲಿನಲ್ಲಿ ನಿಲ್ಲುತ್ತಾಳೆ, ಆದರೂ ಓದುತ್ತಾಳೆ. ಆಮೇಲೇನಾಯ್ತು ಎಂದರು ಅಕ್ಕ. ಅವಳ ಕೆಲಸ ಹೋಯಿತು ಎಂದರು ತಂಗಿ.

ಅಕ್ಕ ತಂಗಿಯ ಸೆರಗಿನಂಚನ್ನು ಬೆರಳಿನಲ್ಲಿ ಸವರಿದರಂತೆ. ಆಮೇಲೆ ಹೇಳಿದರಂತೆ: "ಪಾಪ. ಇದು ಪುಸ್ತಕದ್ದೇ ಕಣೆ. ನೀನು ಕಟ್ಟಿದ್ದಾಗಿದ್ರೆ ಅವಳ ಕೆಲಸ ಉಳಿಸ್ತಿದ್ದೆ."

ಇವತ್ತಿಗೂ ಅಕ್ಕನಿಗೆ ಗೊತ್ತಿಲ್ಲ. ಮೇಡಮ್ಮ ಎಂದಿನಂತೆ ಐದಕ್ಕೇ ಮನೆ ಬಿಡುತ್ತಾರೆ, ಸಂಜೆ ಕತೆ ಹೇಳುತ್ತಾರೆ. ಉಳಿದಿರುವುದು ಒಂಬತ್ತು ದಿನ, ಒಂದು ಶನಿವಾರ. ಇದನ್ನೆಲ್ಲ ಅಚ್ಚು ಹಾಕಿದರೆ ಹೇಗೆ ಎಂದು ನನಗೆ ಕಸಿವಿಸಿಯಾಗುತ್ತದೆ. ಅದನ್ನು ಮೇಡಮ್ಮನಿಗೇ ಹೇಳುತ್ತೇನೆ. ಅಕ್ಕನಿಗೆ ಭಾನುವಾರದ ಪೇಪರ್ ಓದಿ ಹೇಳುವುದು ತಾವೇ ಎನ್ನುತ್ತಾರೆ ಮೇಡಮ್ಮ. ಹಾಗಾದರೆ ಈ ಪುಟ ಬಂದ ದಿನ ಹಾರಿಸಿಬಿಡುತ್ತೀರಾ?

ಮೇಡಮ್ಮ ಕೈಯಲ್ಲಿದ್ದ ಪುಸ್ತಕದ ಹಿಂದಿನ ರಟ್ಟಿಗೆ ಒದ್ದೆ ಬಟ್ಟೆ ಒತ್ತಿ ಕಾಯುತ್ತಾರೆ. ಗೋಂದು ಮೆತ್ತಗಾಗುತ್ತದೆ. ಚಾಕು ತೂರಿಸಿ ರಟ್ಟು ಬಿಡಿಸುತ್ತಾರೆ. ಕೊನೆಯ ಪುಟ ಜೊತೆಗೇ ಉಳಿದಿದೆಯೇ ಎಂದು ನೋಡಿ, ಹಾಳೆಯ ರಾಶಿಗೆ ಇಡುತ್ತಾರೆ.

"ಇಲ್ಲ, ಹಾರಿಸಲ್ಲ. ನಾನಾಗಿ ಹೇಳಕ್ಕೆ ಬಾಯಿ ಬರ್ತಿಲ್ಲ ಸಾರ್, ಮೂರು ವಾರ ಆಯ್ತು. ಅಚ್ಚಾಗಿದ್ರೆ ಓದ್ತೀನಿ." ಇನ್ನೊಂದು ಪುಸ್ತಕ ಎತ್ತಿಕೊಳ್ಳುತ್ತಾರೆ. "ಜಾಗ ಸಾಲ್ದು ಅಂತ ಕೊನೇಲಿ ಕತ್ತರಿಸ್ತಾರೆ ಅಂದ್ರಲ್ಲ. ಇದೊಂದನ್ನ ಮಾತ್ರ ಕತ್ತರಿಸಬೇಡಿ ಅಂತ ಹೇಳಿ. ಆಮೇಲೇನಾಯ್ತು ಅಂತ ಅಕ್ಕ ಕೇಳೇ ಕೇಳ್ತಾಳೆ."